ಮಧ್ಯಾಹ್ನದ ಊಟ ಹಗುರವಾಗಿರಲಿ, ಅದನ್ನು ಮಾಡಲು ಮನೆಮಂದಿಗೆಲ್ಲ ಬರಲಿ

ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟ ಸಿಗುತ್ತದೆ. 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಈಗ ಇಡೀ ರಾಜ್ಯದಲ್ಲಿದೆ. ಅನ್ನ, ಬೇಳೆ, ತರಕಾರಿ ಸಾಂಬಾರು ಮಾತ್ರವಲ್ಲ, ಈಚಿನ ವರ್ಷಗಳಲ್ಲಿ ಮೊಟ್ಟೆಯೂ ಸಿಗುತ್ತಿದೆ. ಆದರೆ ಮಗು ಪಿಯುಸಿಗೆ ಸೇರಿದ ದಿನ ಆ ತಟ್ಟೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆ ಮಗುವಿನ ಮಧ್ಯಾಹ್ನದ ಊಟಕ್ಕೆ ಯಾರು ಹೊಣೆ? ಹೊಸಹೊಳಲಿನಿಂದ ಕೆ.ಆರ್. ಪೇಟೆಗೆ ಓದಲು ಹೋಗುವ ಹುಡುಗರನ್ನು, ಮೈಸೂರಿನಲ್ಲಿ ರೂಮು ಮಾಡಿಕೊಂಡು ಕೆಲಸ ಮಾಡುವ ಯುವಕರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ: ಒಂದು ಎಗ್ ಪಫ್, ಒಂದು ಟೀ, ಇಲ್ಲವೆಂದರೆ ಸಂಜೆ ಒಂದೇ ಸಲ ಗೋಬಿ.

ಚಿಕಿತ್ಸೆಗೆ ಬರುವ ಹದಿನೇಳು ಹದಿನೆಂಟರ ಹುಡುಗರು ಗ್ಯಾಸ್ಟ್ರಿಕ್, ಎದೆಯುರಿ, ಮಲಬದ್ಧತೆ, ಸುಸ್ತು ಎನ್ನುತ್ತಾರೆ. ಔಷಧಿಯ ಹೆಸರು ಬರೆಯುವ ಮೊದಲು "ನೆನ್ನೆ ಮಧ್ಯಾಹ್ನ ಏನು ತಿಂದೆ?" ಎಂದು ಕೇಳಿದರೆ ಅರ್ಧ ರೋಗದ ಮೂಲ ಅಲ್ಲೇ ಸಿಗುತ್ತದೆ. ಹಾಗೆಂದು ಇವು ಬರೀ ಹುಡುಗರ ಸಮಸ್ಯೆಗಳಲ್ಲ. ಮನೆಯಲ್ಲೇ ಇರುವ ತಾಯಂದಿರ ಮಧ್ಯಾಹ್ನದ ಊಟವೂ ಅಷ್ಟೇ ಕೆಟ್ಟಿದೆ. ಎಲ್ಲರೂ ಉಂಡಾದ ಮೇಲೆ, ಪಾತ್ರೆ ತೊಳೆದು, ಮೂರೂವರೆಗೆ ಉಳಿದ ಅನ್ನಕ್ಕೆ ಉಳಿದ ಸಾರು ಸುರಿದುಕೊಂಡು ಎರಡು ತುತ್ತು ನುಂಗುವುದು ಅನೇಕ ಮನೆಗಳ ಪದ್ಧತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣ ಹಲವು. ಕೊನೆಯಲ್ಲಿ, ಉಳಿದದ್ದನ್ನು ಉಣ್ಣುವ ಅಭ್ಯಾಸವೂ ಅವುಗಳಲ್ಲೊಂದು.

ಇನ್ನೊಂದು ತುದಿಯಲ್ಲಿ ಅಂಗಡಿ, ಗ್ಯಾರೇಜು, ಮಂಡಿ ನಡೆಸುವ ನಮ್ಮ ಗಂಡಸರಿದ್ದಾರೆ. ಇವರ ತಟ್ಟೆಯಲ್ಲಿ ಬೆಟ್ಟದಷ್ಟು ಅನ್ನ, ಎಣ್ಣೆ ತೇಲುವ ಸಾಲನ್, ಜೊತೆಗೆ ಹುರಿದದ್ದು ಏನಾದರೊಂದು. ಉಂಡು ಮುಗಿಸಿದರೆ ಕಣ್ಣು ಎಳೆಯುತ್ತದೆ, ಝುಹರ್ ನಮಾಝಿಗೂ ಆಲಸ್ಯ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ನಮ್ಮ ಮೊಹಲ್ಲಾಗಳಲ್ಲಿ ಸಕ್ಕರೆ ಮಾತ್ರೆಯ ಡಬ್ಬಿ ಇಲ್ಲದ ಮನೆ ಹುಡುಕುವುದೇ ಕಷ್ಟವಾಗಿದೆ.

ನನ್ನ ಅಭಿಪ್ರಾಯ ಇಷ್ಟು: ನಮ್ಮ ಮನೆಗಳಲ್ಲಿ ಹಬ್ಬದ ಅಡುಗೆಯ ಜ್ಞಾನ ಬೇಕಾದಷ್ಟಿದೆ, ದಿನದ ಅಡುಗೆಯ ಜ್ಞಾನ ಕಡಿಮೆಯಾಗುತ್ತಿದೆ. ಇಪ್ಪತ್ತು ಜನರಿಗೆ ಬಿರಿಯಾನಿ ದಮ್ ಹಾಕಬಲ್ಲವರಿದ್ದಾರೆ. ಒಬ್ಬನೇ ಇರುವಾಗ ಅರ್ಧ ಗಂಟೆಯಲ್ಲಿ ತನಗೆ ಬೇಕಾದ ಊಟ ಮಾಡಿಕೊಳ್ಳಬಲ್ಲ ಹುಡುಗ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿಗೂ ಎಷ್ಟೋ ಸಲ ಅದು ಬರುವುದಿಲ್ಲ. ಇದನ್ನು ಬದಲಿಸುವುದು ಕಷ್ಟವಲ್ಲ. ಐದಾರು ಊಟಗಳನ್ನು ಕಲಿತರೆ ಸಾಕು.

ಹಗುರ ಎಂದರೆ ಕಡಿಮೆ ಎಂದಲ್ಲ

ಯುನಾನಿ ವೈದ್ಯಶಾಸ್ತ್ರ ಆಹಾರವನ್ನು ಎರಡು ಬಗೆಯಲ್ಲಿ ಅಳೆಯುತ್ತದೆ. ಒಂದು, ಅದು ಜೀರ್ಣವಾಗುವುದು ಸುಲಭವೋ ಕಷ್ಟವೋ. ಸುಲಭವಾದದ್ದು ಲತೀಫ್, ಕಷ್ಟವಾದದ್ದು ಕಸೀಫ್. ಇನ್ನೊಂದು, ಅದರಿಂದ ದೇಹಕ್ಕೆ ದೊರೆಯುವ ಪೋಷಣೆ ಹೆಚ್ಚೋ ಕಡಿಮೆಯೋ. ಈ ಎರಡು ಅಳತೆಗಳೂ ಬೇರೆ ಬೇರೆ ಎಂಬುದನ್ನು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾರೆ. ಜೀರ್ಣಕ್ಕೆ ಹಗುರವಾಗಿದ್ದೂ ಪೋಷಣೆ ಹೆಚ್ಚಿರುವ ಆಹಾರಕ್ಕೆ ಹಕೀಮರು ಕೊಡುವ ಉದಾಹರಣೆ ಮೆತ್ತಗೆ ಬೆಂದ ಮೊಟ್ಟೆಯ ಹಳದಿ ಮತ್ತು ಮಾಂಸದ ರಸ. ಜೀರ್ಣಕ್ಕೆ ಭಾರವಾಗಿದ್ದೂ ಪೋಷಣೆ ಕಡಿಮೆ ಇರುವುದಕ್ಕೆ ಉದಾಹರಣೆ ಒಣಗಿಸಿಟ್ಟ ಮಾಂಸ.

ಈ ಲೆಕ್ಕವನ್ನು ಇಂದಿನ ತಟ್ಟೆಗೆ ಹಚ್ಚಿ ನೋಡಿ. ಬೇಕರಿಯ ಪಫ್ ಮೈದಾ ಮತ್ತು ಡಾಲ್ಡಾದ ಪದರ. ಜೀರ್ಣಕ್ಕೆ ಭಾರ, ಪೋಷಣೆ ಅತ್ಯಲ್ಪ. ಗೋಬಿ ಮಂಚೂರಿ ಕರಿದ ಹಿಟ್ಟು. ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಬರೀ ಬಿಳಿ ಅನ್ನಕ್ಕೆ ತಿಳಿಸಾರು ಹಾಕಿ ಉಂಡರೆ ಆ ಹೊತ್ತಿಗೆ ಹೊಟ್ಟೆ ತುಂಬುತ್ತದೆ, ಎರಡು ಗಂಟೆಯಲ್ಲಿ ಮತ್ತೆ ಹಸಿವು. ಹಗುರವೂ ಆಗಬೇಕು, ಸಂಜೆಯ ತನಕ ಹಸಿವೂ ಆಗಬಾರದು ಎಂದರೆ ತಟ್ಟೆಯಲ್ಲಿ ಮೂರು ಇರಬೇಕು: ಒಂದು ಧಾನ್ಯ, ಒಂದು ಬೇಳೆ ಅಥವಾ ಕಾಳು ಅಥವಾ ಮೊಟ್ಟೆ ಮಾಂಸ, ಒಂದು ಸೊಪ್ಪು ಅಥವಾ ತರಕಾರಿ. ಧಾನ್ಯ ಕಾಲು ಭಾಗ, ಕಾಳು ಕಾಲು ಭಾಗ, ಉಳಿದರ್ಧ ಸೊಪ್ಪು ತರಕಾರಿ. ಕಾಳಿನ ಪ್ರೋಟೀನು, ತರಕಾರಿಯ ನಾರು ನಿಧಾನವಾಗಿ ಕರಗುವುದರಿಂದ ಹಸಿವು ಬೇಗ ಬರುವುದಿಲ್ಲ, ರಕ್ತದ ಸಕ್ಕರೆಯೂ ಒಮ್ಮೆಲೇ ಏರುವುದಿಲ್ಲ.

ಎಷ್ಟು ಉಣ್ಣಬೇಕು ಎಂಬುದನ್ನು ನಮಗೆ ಹೊಸದಾಗಿ ಯಾರೂ ಹೇಳಬೇಕಿಲ್ಲ. ಬೆನ್ನು ನೆಟ್ಟಗೆ ನಿಲ್ಲಲು ಬೇಕಾದಷ್ಟು ತುತ್ತು ಸಾಕು, ಹೆಚ್ಚು ಬೇಕೆಂದರೆ ಹೊಟ್ಟೆಯ ಮೂರರಲ್ಲಿ ಒಂದು ಭಾಗ ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ಪ್ರವಾದಿ(ಸ) ಕಲಿಸಿದ್ದನ್ನು ನಾವೆಲ್ಲ ಖುತ್ಬಾಗಳಲ್ಲಿ ಕೇಳಿದ್ದೇವೆ. ಕೇಳಿದ್ದು ತಟ್ಟೆಗೆ ಇಳಿಯಬೇಕಷ್ಟೆ.

ಗಂಡುಮಕ್ಕಳ ಕೈಗೂ ಸೌಟು ಕೊಡಿ

ಹುಡುಗರಿಗೆ ಅಡುಗೆ ಕಲಿಸಿ ಎಂದಾಗ ಕೆಲವು ಹಿರಿಯರು ಮುಖ ತಿರುಗಿಸುತ್ತಾರೆ. ಅಡುಗೆಮನೆ ಹೆಣ್ಣುಮಕ್ಕಳದು ಎಂಬ ಮಾತು ನಮ್ಮ ಊರುಗಳ ರೂಢಿ, ದೀನಿನ ಕಲಿಕೆ ಅಲ್ಲ. ಪ್ರವಾದಿ(ಸ)ಯವರು ಮನೆಯೊಳಗೆ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಹಝ್ರತ್ ಆಯಿಶಾ(ರ) ಅವರು, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ತಿಳಿಸಿದ್ದು ಬುಖಾರಿಯಲ್ಲಿದೆ. ಮದುವೆ ಮನೆಗಳಲ್ಲಿ ದೇಗ್ ಹೂಡುವ ಬಾವರ್ಚಿಗಳೆಲ್ಲ ಗಂಡಸರೇ ಅಲ್ಲವೇ? ಕೂಲಿಗೆ ಮಾಡಿದರೆ ಗೌರವ, ಅಮ್ಮಿಗೆ ಜ್ವರ ಬಂದ ದಿನ ಮಾಡಿದರೆ ಅಗೌರವ ಎನ್ನುವುದು ಯಾವ ನ್ಯಾಯ?

ಇದು ಬರೀ ನ್ಯಾಯದ ಮಾತಲ್ಲ, ಆರೋಗ್ಯದ ಮಾತೂ ಹೌದು. ಅಡುಗೆ ಬರದ ಹುಡುಗ ಊರು ಬಿಟ್ಟ ಮೇಲೆ ಹೋಟೆಲಿನವನ ಎಣ್ಣೆಗೆ ತನ್ನ ಹೊಟ್ಟೆಯನ್ನು ಒಪ್ಪಿಸುತ್ತಾನೆ. ಸೊಸೆ ಹೆರಿಗೆಗೆ ತವರಿಗೆ ಹೋದಾಗ, ಹೆಂಡತಿ ಗಾರ್ಮೆಂಟ್ಸ್ ಪಾಳಿಗೆ ಹೋದಾಗ, ಮನೆಯಲ್ಲಿ ವಯಸ್ಸಾದ ತಂದೆ ಇದ್ದಾಗ ಊಟ ಹೋಟೆಲಿನಿಂದ ಪಾರ್ಸೆಲ್ ಬರುತ್ತದೆ. ಆ ಪಾರ್ಸೆಲ್ಲಿನ ಉಪ್ಪು, ಎಣ್ಣೆ ರಕ್ತದೊತ್ತಡ ಇರುವ ತಂದೆಗೆ ಹೋಗುತ್ತದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲೆಕ್ಕ ಇಡಲು ಸಾಧ್ಯವಾಗುವುದು ಉಪ್ಪಿನ ಡಬ್ಬಿ ನಮ್ಮ ಕೈಯಲ್ಲಿದ್ದಾಗ ಮಾತ್ರ.

ಕಲಿಯುವವರಿಗೆ ಐದು ಊಟ

ಕೆಳಗಿನ ಅಡುಗೆಗಳಿಗೆ ಒಂದು ಕುಕ್ಕರ್, ಒಂದು ಬಾಣಲೆ, ಒಂದು ಚಾಕು ಸಾಕು. ಅಳತೆ ಇಬ್ಬರಿಗೆ. ಲೋಟ ಎಂದರೆ ಮನೆಯಲ್ಲಿ ನೀರು ಕುಡಿಯುವ ಸಾಮಾನ್ಯ ಲೋಟ; ಒಂದೇ ಲೋಟದಲ್ಲಿ ಎಲ್ಲವನ್ನೂ ಅಳೆಯಿರಿ.

ಮೊದಲನೆಯದು ಹೆಸರುಬೇಳೆ ಖಿಚಡಿ. ಅರ್ಧ ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ತೊಳೆದು ಕುಕ್ಕರಿಗೆ ಹಾಕಿ. ಹೆಚ್ಚಿದ ಕ್ಯಾರೆಟ್, ಹುರುಳಿಕಾಯಿ ಒಂದೆರಡು ಹಿಡಿ, ಚಿಟಿಕೆ ಅರಿಸಿನ, ಉಪ್ಪು, ನಾಲ್ಕು ಲೋಟ ನೀರು ಸೇರಿಸಿ ನಾಲ್ಕು ಕೂಗು ಕೂಗಿಸಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ತುರಿದ ಶುಂಠಿ ಒಗ್ಗರಣೆ ಹಾಕಿದರೆ ಮುಗಿಯಿತು. ಮನೆಗಳಲ್ಲಿ ಮಾಡುವ ಖಿಚಡಿಯಲ್ಲಿ ಅಕ್ಕಿ ಮೂರು ಪಾಲು, ಬೇಳೆ ಒಂದು ಪಾಲು ಇರುತ್ತದೆ. ಅದನ್ನು ಸಮಪಾಲು ಮಾಡುವುದೇ ಇಲ್ಲಿರುವ ಗುಟ್ಟು. ಜ್ವರದಿಂದ ಎದ್ದವರಿಗೆ, ಮಕ್ಕಳಿಗೆ, ಹಲ್ಲಿಲ್ಲದ ದಾದಿಗೆ ಒಂದೇ ಪಾತ್ರೆಯ ಊಟ.

ಎರಡನೆಯದು ಮಸ್ಸೊಪ್ಪು. ನಮ್ಮ ಮಂಡ್ಯ ಸೀಮೆಯಲ್ಲಿ ಜಾತಿ ಮತ ಎನ್ನದೆ ಎಲ್ಲರ ಮನೆಯಲ್ಲೂ ಬೇಯುವ ಸಾರು ಇದು. ಅರ್ಧ ಲೋಟ ತೊಗರಿಬೇಳೆ, ಎರಡು ಕಟ್ಟು ದಂಟು ಅಥವಾ ಪಾಲಕ್ ಸೊಪ್ಪು, ಒಂದು ಈರುಳ್ಳಿ, ಒಂದು ಟೊಮೆಟೊ, ಎರಡು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಎರಡು ಲೋಟ ನೀರಿನಲ್ಲಿ ಮೂರು ಕೂಗು ಬೇಯಿಸಿ. ಕಡೆಗೋಲಿನಿಂದ ಚೆನ್ನಾಗಿ ಮಸೆದು ಉಪ್ಪು, ಸ್ವಲ್ಪ ಹುಣಸೆರಸ ಹಾಕಿ ಕುದಿಸಿ ಒಗ್ಗರಣೆ ಕೊಡಿ. ಸೊಪ್ಪನ್ನು ಮೂರು ಸಲ ನೀರಿನಲ್ಲಿ ಅದ್ದಿ ತೊಳೆದ ಮೇಲೆಯೇ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆಯಬಾರದು. ಇದರ ಜೊತೆ ಮುದ್ದೆ ಇದ್ದರೆ ಒಳ್ಳೆಯದು. ಎರಡು ಲೋಟ ನೀರು ಕುದಿಯಲಿಟ್ಟು, ಒಂದು ಚಮಚ ರಾಗಿಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ ಸುರಿಯಿರಿ. ಕುದಿ ಬಂದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಹಾಕಿ, ಉರಿ ಸಣ್ಣ ಮಾಡಿ, ಐದಾರು ನಿಮಿಷ ಮುಟ್ಟದೆ ಬೇಯಲು ಬಿಡಿ. ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಮುಚ್ಚಿ ಎರಡು ನಿಮಿಷ ಇಟ್ಟು, ಒದ್ದೆ ಕೈಯಲ್ಲಿ ಕಟ್ಟಿ. ಮೊದಲ ಎರಡು ಸಲ ಗಂಟಾಗಬಹುದು. ಗಂಟಾದರೆ ನೀರು ಸೇರಿಸಿ ಅಂಬಲಿ ಮಾಡಿ ಮಜ್ಜಿಗೆ ಬೆರೆಸಿ ಕುಡಿಯಿರಿ, ಹಿಟ್ಟು ಹಾಳಾಗುವುದಿಲ್ಲ.

ರಾಗಿಯ ವಿಷಯಕ್ಕೆ ಒಂದು ಮಾತು. ನಮ್ಮ ಹೊಸ ತಲೆಮಾರಿನ ಎಷ್ಟೋ ಮನೆಗಳಲ್ಲಿ ಮುದ್ದೆ ಎಂದರೆ ಹಳ್ಳಿಯವರ ಊಟ ಎಂಬ ಭಾವನೆ ಬಂದಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೈತರ ಹೊಲಕ್ಕೆ ಕೊಟ್ಟಿದ್ದರು. ನಮ್ಮ ಜಿಲ್ಲೆಯ ಇಂಥ ಧಾನ್ಯವನ್ನು ಬಿಟ್ಟು ಪೊಟ್ಟಣದ ಓಟ್ಸಿಗೆ ದುಡ್ಡು ಕೊಡುವುದು ಜಾಣತನವಲ್ಲ.

ಮೂರನೆಯದು ಖಾಗೀನಾ. ಅಡುಗೆಯ ಗಂಧವೇ ಇಲ್ಲದವರು ಇಲ್ಲಿಂದ ಶುರು ಮಾಡಬಹುದು. ಎರಡು ಚಮಚ ಎಣ್ಣೆಯಲ್ಲಿ ಎರಡು ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ. ಎರಡು ಟೊಮೆಟೊ, ಅರಿಸಿನ, ಉಪ್ಪು ಹಾಕಿ ಮೆತ್ತಗಾದ ಮೇಲೆ ನಾಲ್ಕು ಮೊಟ್ಟೆ ಒಡೆದು ಹಾಕಿ ಕೈಯಾಡಿಸಿ, ಮೇಲೆ ಕೊತ್ತಂಬರಿ ಸೊಪ್ಪು. ಹತ್ತೇ ನಿಮಿಷ. ಎರಡು ಚಪಾತಿ ಅಥವಾ ಒಂದು ರಾಗಿ ರೊಟ್ಟಿ, ಪಕ್ಕದಲ್ಲಿ ಸೌತೆಕಾಯಿ ಇದ್ದರೆ ಪೂರ್ತಿ ಊಟ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ಪಫ್ಫಿನ ದುಡ್ಡಿನಲ್ಲಿ ಎರಡು ಮೊಟ್ಟೆ ಬರುತ್ತದೆ.

ನಾಲ್ಕನೆಯದು ಮೊಳಕೆ ಹೆಸರುಕಾಳಿನ ಉಸಲಿ. ಒಂದು ಲೋಟ ಕಾಳನ್ನು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೆಯ ದಿನ ಮೊಳಕೆ ಬಂದಿರುತ್ತದೆ. ಹಸಿಯಾಗಿ ತಿನ್ನದೆ ಎಂಟು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಹೊಟ್ಟೆ ಉಬ್ಬರಿಸುವುದಿಲ್ಲ, ಕ್ರಿಮಿಗಳ ಭಯವೂ ಇಲ್ಲ. ಈರುಳ್ಳಿ, ಕ್ಯಾರೆಟ್ ತುರಿ, ಸ್ವಲ್ಪ ತೆಂಗಿನತುರಿ, ನಿಂಬೆರಸ, ಉಪ್ಪು ಬೆರೆಸಿ. ನಿಂಬೆಯ ಹುಳಿ ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಅದೇ ಊಟದ ಜೊತೆ ಟೀ ಕುಡಿದರೆ ಆ ಲಾಭ ಹೋಗುತ್ತದೆ, ಆದ್ದರಿಂದ ಟೀ ಒಂದು ಗಂಟೆ ತಡವಾಗಲಿ. ಬೇಸಿಗೆಯಲ್ಲಿ ಒಂದು ಬಟ್ಟಲು ಮೊಸರನ್ನ ಜೊತೆಗಿರಲಿ. ಮೊಸರು ಶೀತ ಗುಣದ್ದು. ಅದಕ್ಕೆ ಶುಂಠಿ, ಜೀರಿಗೆ ಬೆರೆಸುವುದನ್ನು ಯುನಾನಿಯಲ್ಲಿ ಮುಸ್ಲಿಹ್ ಎನ್ನುತ್ತೇವೆ, ಅಂದರೆ ಒಂದರ ದೋಷವನ್ನು ಇನ್ನೊಂದು ತಿದ್ದುವುದು.

ಐದನೆಯದು ಶೋರ್ಬಾ. ಕಾಲು ಕಿಲೋ ಎಲುಬಿರುವ ಕೋಳಿ ಮಾಂಸ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಒಂದು ಚಮಚ ಧನಿಯಾ ಪುಡಿ, ಕುಟ್ಟಿದ ಮೆಣಸು, ಒಂದು ಹಿಡಿ ಮಸೂರ್ ಬೇಳೆ, ಸೋರೆಕಾಯಿ ಅಥವಾ ಸೀಮೆಬದನೆ ಹೋಳು, ಐದು ಲೋಟ ನೀರು, ನಾಲ್ಕು ಕೂಗು. ಎಣ್ಣೆ ಒಂದು ಚಮಚ ಸಾಕು, ತೆಂಗಿನಕಾಯಿ ಬೇಡ. ಮಾಂಸದ ರುಚಿಯೂ ಇದೆ, ಸಾಲನ್‌ನ ಭಾರವೂ ಇಲ್ಲ. ಶೋರ್ಬಾ ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನೂ ನೆನೆಯಬೇಕೆಂದು ಪ್ರವಾದಿ(ಸ) ಹೇಳಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಒಂಟಿಯಾಗಿರುವ ನೆರೆಮನೆಯ ಅಜ್ಜಿಗೆ ಒಂದು ಬಟ್ಟಲು ತಲುಪಿದರೆ ಅವರ ಮಧ್ಯಾಹ್ನವೂ ನೆಮ್ಮದಿ.

ಬುತ್ತಿ ಕಟ್ಟುವಾಗ

ಹೊಸದಾಗಿ ಅಡುಗೆ ಮಾಡುವವರು ರುಚಿ ಕೆಡಿಸಿದರೆ ನಷ್ಟವಿಲ್ಲ, ಶುಚಿ ಕೆಡಿಸಿದರೆ ಕಾಯಿಲೆ. ಅಡುಗೆಗೆ ಮೊದಲು, ಹಸಿ ಮಾಂಸ ಮೊಟ್ಟೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಾಂಸ ಹೆಚ್ಚಿದ ಮಣೆಯಲ್ಲಿ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗಿಡಿ, ಫ್ರಿಜ್ ಇಲ್ಲದವರು ಲೆಕ್ಕ ಹಾಕಿಯೇ ಮಾಡಿ. ಬುತ್ತಿ ಡಬ್ಬಿ ಒಣಗಿರಲಿ. ಅದರ ರಬ್ಬರ್ ಉಂಗುರವನ್ನು ದಿನಾ ಬಿಚ್ಚಿ ತೊಳೆಯಿರಿ, ಕೊಳೆ ಕೂರುವುದು ಅಲ್ಲೇ. ಬೇಸಿಗೆಯಲ್ಲಿ ಬೆಳಗ್ಗೆ ಏಳಕ್ಕೆ ಕಟ್ಟಿದ ತೆಂಗಿನಕಾಯಿ ಚಟ್ನಿ ಮಧ್ಯಾಹ್ನ ಒಂದಕ್ಕೆ ಕೆಟ್ಟಿರಬಹುದು. ಚಪಾತಿ, ಉಸಲಿ, ಪೂರ್ತಿ ಬೆಂದ ಮೊಟ್ಟೆ ಬುತ್ತಿಗೆ ವಾಸಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಗುರ ಊಟದ ಹೆಸರಿನಲ್ಲಿ ಊಟ ಬಿಡಬಾರದು. ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಅನ್ನ ಕಡಿಮೆ ಮಾಡುವ ಮೊದಲು ಮಾತ್ರೆಯ ಪ್ರಮಾಣದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳು, ಸೊಪ್ಪು ಎಷ್ಟು ತಿನ್ನಬೇಕೆಂಬುದನ್ನೂ ವೈದ್ಯರೇ ಹೇಳಬೇಕು. ಬಸುರಿ, ಬಾಣಂತಿಯರಿಗೆ ಮೂರರಲ್ಲೊಂದು ಭಾಗದ ಲೆಕ್ಕ ಹೇಳಿ ತಟ್ಟೆ ಕಿರಿದು ಮಾಡಬೇಡಿ. ಅವರಿಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ.

ಎರಡು ತಿಂಗಳು, ಐದು ಊಟ

ಬಿರಿಯಾನಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಈದ್ ಇದೆ, ಮದುವೆ ಇದೆ, ಮೆಹಮಾನರು ಬರುತ್ತಾರೆ. ಆಗ ಸಂತೋಷದಿಂದ ಉಣ್ಣೋಣ. ವಾರದ ಉಳಿದ ಮಧ್ಯಾಹ್ನಗಳೇ ನಮ್ಮ ರಕ್ತ, ನಮ್ಮ ಸಕ್ಕರೆ, ನಮ್ಮ ನಿದ್ದೆಯನ್ನು ತೀರ್ಮಾನಿಸುವುದು. ಸಮಯ ಇಲ್ಲ ಎನ್ನುವವರಿಗೂ ಒಂದು ಉತ್ತರ: ಬಸ್ಸಿಳಿದು ಬೇಕರಿಯ ಮುಂದೆ ನಿಂತು ಪಫ್ ತಿಂದು ಟೀ ಕುಡಿದು ಹೊರಡುವ ಹೊತ್ತಿಗೆ ಮನೆಯಲ್ಲಿ ಖಾಗೀನಾ ಬೆಂದಿರುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವ ತನಕ ಮಕ್ಕಳು ಮನೆಯಲ್ಲಿರುತ್ತಾರೆ. ಆ ಬಿಡುವಿನಲ್ಲಿ ವಾರಕ್ಕೊಂದರಂತೆ ಈ ಐದು ಊಟಗಳನ್ನು ಮಗನಿಗೂ ಮಗಳಿಗೂ ಕಲಿಸಿ. ಮೊದಲ ವಾರ ನೀವು ಮಾಡಿ ತೋರಿಸಿ, ಎರಡನೇ ಸಲ ಪಕ್ಕದಲ್ಲಿ ನಿಂತಿರಿ, ಮೂರನೇ ಸಲ ಅಡುಗೆಮನೆಯಿಂದ ಹೊರಗೆ ಬನ್ನಿ. ಉಪ್ಪು ಹೆಚ್ಚಾದರೆ ನಗಬೇಡಿ, ಮೊಸರು ಬೆರೆಸಿ ಉಣ್ಣಿ. ಅಡುಗೆ ಮಾಡಿದ ಆ ದಿನ ಅಮ್ಮಿಯನ್ನು ದಸ್ತರ್‌ಖಾನಿನಲ್ಲಿ ಮೊದಲು ಕೂರಿಸಿ ಬಿಸಿಯಾಗಿ ಬಡಿಸುವುದೂ ಪಾಠದ ಭಾಗವಾಗಿರಲಿ. ಜೂನ್ ತಿಂಗಳಲ್ಲಿ ಕಾಲೇಜಿನ ಚೀಲದೊಳಗೆ ತಾನೇ ಮಾಡಿದ ಬುತ್ತಿ ಇಟ್ಟುಕೊಂಡು ಹೊರಡುವ ಮಗುವಿಗೆ ನನ್ನಂಥ ಹಕೀಮನ ಗ್ಯಾಸ್ಟ್ರಿಕ್ ಔಷಧಿ ಬೇಕಾಗುವುದು ಅಪರೂಪ, ಇನ್ಶಾ ಅಲ್ಲಾಹ್.